ಅಜ್ಜಿ ಸೀರೆ, ಹಳೇ ಪತ್ರ, ಫೆವಿಕಾಲ್: ಬಟ್ಟೆ ಕೊಲಾಜ್ ಮಾಡೋರ ಕಷ್ಟಕ್ಕೆ ಒಂದು ಉದ್ದದ ಉತ್ತರ

ಪ್ರಶ್ನೆ: ನಮಸ್ತೆ, ನಾನು ಶಿರಸಿ ಹತ್ರದವಳು. ಹಳೇ ಬಟ್ಟೆ, ಹಳೇ ಕಾಗದ ಸೇರಿಸಿ ಕೊಲಾಜ್ ಮಾಡ್ತೀನಿ. ನಮ್ಮಜ್ಜಿ ಬಾಗಲಕೋಟೆ ಕಡೆಯವರು, ಅವರ ಇಳಕಲ್ ಸೀರೆ, ಖಣದ ಕುಪ್ಪಸ, ಅವರಿಗೆ ಬಂದಿದ್ದ ಇನ್‌ಲ್ಯಾಂಡ್ ಲೆಟರುಗಳು ಒಂದು ಟ್ರಂಕ್ ತುಂಬಾ ಇವೆ. ಅದನ್ನಿಟ್ಕೊಂಡು ಒಂದು ಸೀರೀಸ್ ಮಾಡ್ಬೇಕು ಅಂತ ಆಸೆ. ಆದ್ರೆ ಫೆವಿಕಾಲ್ ಹಾಕಿ ಬೋರ್ಡಿಗೆ ಅಂಟಿಸಿದ್ರೆ ಬಟ್ಟೆ ಮೇಲೆ ಕಲೆ ಬೀಳುತ್ತೆ, ಒಂದೆರಡು ತಿಂಗಳಿಗೆ ಸುಕ್ಕು ಏಳುತ್ತೆ, ಮಳೆಗಾಲದಲ್ಲಿ ಫ್ರೇಮ್ ಒಳಗೇ ಬೂಸ್ಟು ಬಂತು. ಈಗ ಒಂದು ಹೋಮ್‌ಸ್ಟೇಯವರು ಆರಡಿ ಅಗಲ ನಾಲ್ಕಡಿ ಎತ್ತರದ್ದು ಮಾಡ್ಕೊಡಿ ಅಂತಿದಾರೆ, ಅಷ್ಟು ದೊಡ್ಡದು ಹೇಗೆ ತೂಗುಹಾಕೋದು? ಅಜ್ಜಿ ಸೀರೆಗೆ ಕತ್ತರಿ ಹಾಕೋಕೆ ಕೈ ಬರ್ತಿಲ್ಲ. ಇದರ ಮೇಲೆ ಒಂದು ಪ್ರದರ್ಶನದಲ್ಲಿ ಒಬ್ರು "ಇದು ಕೌದಿ ಕೆಲಸ, ಆರ್ಟ್ ಅಲ್ಲ" ಅಂದ್ಬಿಟ್ರು. ಏನ್ ಮಾಡ್ಲಿ?

ಉತ್ತರ:

ಕೊನೇ ಮಾತಿಂದಾನೇ ಶುರು ಮಾಡ್ತೀನಿ, ಯಾಕಂದ್ರೆ ನಿಮ್ಮ ಎಲ್ಲಾ ಕಷ್ಟಕ್ಕೂ ಪರಿಹಾರ ಅಲ್ಲೇ ಇದೆ. ಅವರು ಬೈಗುಳ ಅಂದ್ಕೊಂಡು ಹೇಳಿದ್ದನ್ನ ನೀವು ದಾರಿ ಅಂತ ತಗೊಳ್ಳಿ. ನಿಮ್ಮ ಕೆಲಸ ಇನ್ನೂ ಕೌದಿ ಆಗಿಲ್ಲ, ಅದೇ ಪ್ರಾಬ್ಲಂ. ನೀವು ಬಟ್ಟೇನ ಕಾಗದದ ಥರ ನಡೆಸ್ಕೊಳ್ತಿದೀರಿ, ಕತ್ತರಿಸಿ, ಅಂಟು ಬಳಿದು, ಗಟ್ಟಿ ಬೋರ್ಡಿಗೆ ಹಚ್ಚಿ, ಗಾಜಿನ ಒಳಗೆ ಕೂಡಿಹಾಕ್ತಿದೀರಿ. ಕಲೆ, ಸುಕ್ಕು, ಬೂಸ್ಟು ಮೂರೂ ಅಲ್ಲಿಂದಾನೇ ಬರ್ತಿರೋದು. ಉತ್ತರ ಕರ್ನಾಟಕದ ಮನೆಗಳಲ್ಲಿ ಹೆಂಗಸರು ಹಳೇ ಸೀರೆ ಪದರ ಪದರ ಹಾಕಿ ಹೊಲೀತಿದ್ದ ಕೌದಿ ಎಷ್ಟು ವರ್ಷ ಹೊದ್ದು, ಒಗೆದು, ಬಿಸಿಲಿಗೆ ಹಾಕಿದ್ರೂ ಬಾಳಿಕೆ ಬರುತ್ತೆ ಅನ್ನೋದನ್ನ ನಿಮ್ಮಜ್ಜಿ ಮನೇಲೇ ನೋಡಿರ್ತೀರಿ. ಅದ್ರಲ್ಲಿ ಒಂದು ಹನಿ ಅಂಟು ಇರಲ್ಲ.

ಸುಕ್ಕು ಯಾಕೆ ಏಳುತ್ತೆ ಅನ್ನೋದು ಮೊದ್ಲು ಅರ್ಥ ಆಗ್ಬೇಕು. ಬಟ್ಟೆ ಗಾಳೀಲಿರೋ ತೇವಾನ ಹೀರ್ಕೊಳ್ಳುತ್ತೆ. ಗಾಳೀಲಿ ತೇವಾಂಶ 65% ಇದ್ದಾಗ ಹತ್ತಿ ತನ್ನ ತೂಕದ ಸುಮಾರು 8% ನೀರು ಹಿಡ್ಕೊಂಡಿರುತ್ತೆ, ರೇಷ್ಮೆ ಸುಮಾರು 11%, ರೇಯಾನ್ ಅದಕ್ಕಿಂತ ಜಾಸ್ತಿ, ಪಾಲಿಯೆಸ್ಟರ್ ಮಾತ್ರ ಅರ್ಧ ಪರ್ಸೆಂಟೂ ಇಲ್ಲ. ನೀರು ಹಿಡಿದಾಗ ಎಳೆ ಉಬ್ಬುತ್ತೆ, ಒಣಗಿದಾಗ ಇಳಿಯುತ್ತೆ. ಈಗ ನಿಮ್ಮ ಕೊಲಾಜಲ್ಲಿ ಹತ್ತಿ ಒಡಲಿನ ತುಂಡು, ಪಕ್ಕದಲ್ಲಿ ರೇಷ್ಮೆ ಸೆರಗು, ಅದರ ಪಕ್ಕ ಪಾಲಿಯೆಸ್ಟರ್ ಬ್ಲೌಸ್ ಪೀಸು, ಕೆಳಗೆ ಬೋರ್ಡು, ಎಲ್ಲಾ ಬೇರೆ ಬೇರೆ ಲೆಕ್ಕದಲ್ಲಿ ಹಿಗ್ತಾ ಕುಗ್ತಾ ಇರ್ತವೆ ಆದ್ರೆ ಫೆವಿಕಾಲ್ ಅವನ್ನೆಲ್ಲ ಒಂದೇ ಜಾಗದಲ್ಲಿ ಹಿಡ್ಕೊಂಡುಬಿಟ್ಟಿರುತ್ತೆ. ಎಲ್ಲಿಗ್ ಹೋಗ್ಬೇಕು ಬಟ್ಟೆ? ಮೇಲಕ್ಕೆ ಏಳುತ್ತೆ. ಹೊಲಿಗೆ ಹಾಕಿದ್ರೆ ಒಂದೊಂದು ತುಂಡಿಗೂ ಸ್ವಲ್ಪ ಅಲ್ಲಾಡೋಕೆ ಜಾಗ ಸಿಗುತ್ತೆ, ಅದಕ್ಕೇ ಕೌದಿ ಸುಕ್ಕಾದ್ರೂ ಕೊಡವಿದ್ರೆ ಸರಿಹೋಗೋದು.

ಕಲೆ ವಿಷ್ಯ. ಬಿಳಿ ಅಂಟು ಅಂತೀವಲ್ಲ, ಅದು ಪಾಲಿವಿನೈಲ್ ಅಸಿಟೇಟ್, ನೀರು ಆರಿದ ಮೇಲೆ ಪ್ಲಾಸ್ಟಿಕ್ ಪದರ ಆಗಿ ನಿಂತ್ಕೊಳ್ಳುತ್ತೆ. ಮರಕ್ಕೆ ಅದು ಬಹಳ ಒಳ್ಳೇದು, ತೆಳು ಹತ್ತಿಗೆ ಅಲ್ಲ. ಅಂಟು ಎಳೆ ಒಳಗೆ ಇಳಿದು ಮೇಲ್ಗಡೆ ಬಂದ್ರೆ ಅಲ್ಲಿ ಬಣ್ಣ ಗಾಢ ಆಗಿ ಕಾಣುತ್ತೆ, ಬೇಸಿಗೇಲಿ ಮೆತ್ತಗಾಗಿ ಧೂಳು ಹಿಡಿಯುತ್ತೆ, ವರ್ಷಗಳು ಕಳೆದ ಹಾಗೆ ಸಣ್ಣಗೆ ಆಮ್ಲ ಬಿಡುತ್ತೆ. ಒಂದ್ಸಲ ಆರಿದ್ಮೇಲೆ ಬಟ್ಟೆಗೆ ಗಾಯ ಆಗದ ಹಾಗೆ ತೆಗೆಯೋದು ಹೆಚ್ಚುಕಮ್ಮಿ ಆಗದ ಮಾತು. ಹಾಗಾಗಿ ಈಗಾಗ್ಲೇ ಅಂಟಿಸಿರೋ ಕೆಲಸಗಳನ್ನ ದಯವಿಟ್ಟು ಕೀಳೋಕೆ ಹೋಗ್ಬೇಡಿ, ಒದ್ದೆ ಮಾಡೋಕೂ ಹೋಗ್ಬೇಡಿ. ಅವು ಹಾಗೇ ಇರಲಿ, ಒಳ್ಳೇ ಫೋಟೋ ತೆಗೆದಿಡಿ, ಮುಂದಿನ ಕೆಲಸ ಬೇರೆ ದಾರೀಲಿ ಮಾಡಿ.

ಬೇರೆ ದಾರಿ ಅಂದ್ರೆ ಇದು. ಟ್ರಂಕಿಂದ ತೆಗೆದ ಬಟ್ಟೇನ ಮೊದ್ಲು ಗುಂಪು ಮಾಡಿ: ಹತ್ತಿ, ರೇಷ್ಮೆ, ರೇಯಾನ್, ಪಾಲಿಯೆಸ್ಟರ್. ಗೊತ್ತಾಗ್ದಿದ್ರೆ ಅಂಚಿಂದ ಎರಡು ಎಳೆ ಬಿಡಿಸಿ, ಚಿಮಟದಲ್ಲಿ ಹಿಡಿದು ದೀಪಕ್ಕೆ ತೋರ್ಸಿ. ಹತ್ತಿ, ರೇಯಾನ್ ಕಾಗದ ಉರಿದ ವಾಸನೆ ಬಂದು ಹಗೂರ ಬೂದಿ ಆಗುತ್ತೆ. ರೇಷ್ಮೆ ಕೂದಲು ಸುಟ್ಟ ವಾಸನೆ ಬರುತ್ತೆ, ಬೆರಳಲ್ಲಿ ಒತ್ತಿದ್ರೆ ಪುಡಿ ಆಗುತ್ತೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿ ಥರ ಆಗುತ್ತೆ. ಇಳಕಲ್ ಸೀರೇಲಿ ಒಡಲು ಹತ್ತಿ, ಸೆರಗು ರೇಷ್ಮೆ ಅಥವಾ ಚಮಕಾ ಅಂತಾರಲ್ಲ ಆ ಆರ್ಟ್ ಸಿಲ್ಕ್, ಅಂದ್ರೆ ರೇಯಾನ್. ರೇಯಾನ್ ಒದ್ದೆ ಆದಾಗ ತುಂಬಾ ಬಲಹೀನ ಆಗುತ್ತೆ, ಹೆಚ್ಚುಕಮ್ಮಿ ಅರ್ಧ ಶಕ್ತಿ ಹೋಗ್ಬಿಡುತ್ತೆ, ಅದಕ್ಕೇ ಸೆರಗನ್ನ ಬಕೆಟ್ಟಲ್ಲಿ ಅದ್ದಿ ಹಿಂಡಬೇಡಿ. ಹಾಗೇ ಒಡಲಿನ ಹಾಸು (ಅಂದ್ರೆ ಉದ್ದದ ಎಳೆಗಳು), ಸೆರಗಿನ ಹಾಸು ಕೊಂಡಿ ಹಾಕಿ ಸೇರಿಸಿರೋ ಜಾಗ ಇರುತ್ತೆ, ನೇಕಾರರು ತೋಪು ತೆನಿ ಅಂತಾರಲ್ಲ, ಅಲ್ಲಿ ಮಾತ್ರ ಕತ್ತರಿ ಹಾಕ್ಲೇಬೇಡಿ. ಆ ಜೋಡಣೆ ಇಳಕಲ್‌ನ ಗುರುತು, ಕತ್ತರಿಸಿದ್ರೆ ಗುರುತೂ ಹೋಯ್ತು ಬಟ್ಟೇನೂ ಬಿಚ್ಕೊಳ್ತು.

ಆಮೇಲೆ ಬಣ್ಣ ಬಿಡುತ್ತಾ ನೋಡಿ. ಒದ್ದೆ ಮಾಡಿದ ಬಿಳಿ ಹತ್ತಿ ಬಟ್ಟೇನ ಮೂಲೇಲಿ ಒತ್ತಿ ಹಿಡೀರಿ, ಕೆಂಪು, ಕಡುನೀಲಿ ಇದ್ರೆ ಇನ್ನೂ ಸ್ವಲ್ಪ ಹೊತ್ತು ಹಿಡೀರಿ. ಬಣ್ಣ ಅಂಟಿದ್ರೆ ಆ ಬಟ್ಟೇನ ಬಿಳಿ ಅಥವಾ ಹಳದಿ ಪಕ್ಕ ಇಡಬೇಡಿ, ಇಲ್ಲಾಂದ್ರೆ ನೀರೇ ತಾಗಿಸ್ಬೇಡಿ. ಉಪ್ಪು, ವಿನೆಗರ್ ಹಾಕಿದ್ರೆ ಬಣ್ಣ ನಿಲ್ಲುತ್ತೆ ಅಂತ ತುಂಬಾ ಜನ ಹೇಳ್ತಾರೆ, ಆಗ್ಲೇ ಬಣ್ಣ ಹಾಕಿ ಮುಗಿಸಿರೋ ಬಟ್ಟೆಗೆ ಅದನ್ನ ನಂಬ್ಕೊಂಡು ಕೂರಬೇಡಿ. ಬಣ್ಣ ಬಿಡದ ಹತ್ತಿ ತುಂಡುಗಳನ್ನ ಅಂಟುವಾಳಕಾಯಿ ನೀರಲ್ಲೋ ತೀರಾ ಸೌಮ್ಯ ಸೋಪಲ್ಲೋ ತೊಳೆದು, ಒಳ್ಳೇ ನೀರಲ್ಲಿ ಎರಡು ಮೂರು ಸಲ ಜಾಲಿಸಿ, ನೆರಳಲ್ಲಿ ಮಲಗಿಸಿ ಒಣಗಿಸಿ. ಹಳೇ ಗಂಜಿ ಪೂರ್ತಿ ಹೋಗ್ಬೇಕು, ಯಾಕಂದ್ರೆ ಬೂಸ್ಟಿಗೂ ಬೆಳ್ಳಿಹುಳಕ್ಕೂ ಗಂಜೀನೇ ಊಟ.

ಮಡಿಕೆ ಜಾಗ ಬೆಳಕಿಗೆ ಹಿಡಿದು ನೋಡಿ. ಎಷ್ಟೋ ವರ್ಷ ಒಂದೇ ಮಡಿಕೇಲಿದ್ದ ಸೀರೆ ಆ ಗೆರೇಲೇ ಸೀಳುತ್ತೆ, ಜರಿ ಇದ್ರಂತೂ ಇನ್ನೂ ಬೇಗ. ಅಂಥಾ ತುಂಡಿನ ಹಿಂದೆ ತೊಳೆದ ತೆಳು ಮಲ್ ಬಟ್ಟೆ ಇಟ್ಟು, ಸಣ್ಣ ಸೂಜೀಲಿ ದೂರ ದೂರ ಹೊಲಿಗೆ ಹಾಕಿ. ತುಂಡಿನ ಹಾಸು (ಉದ್ದದ ಎಳೆ), ಹೊಕ್ಕು (ಅಡ್ಡ ಎಳೆ) ಎರಡೂ ಹಿಂದಿನ ಬಟ್ಟೆಯ ಹಾಸು ಹೊಕ್ಕಿಗೆ ನೇರ ಇರ್ಲಿ, ಓರೆಯಾಗಿ ಕತ್ತರಿಸಿದ ತುಂಡು ಎಳೆದಷ್ಟೂ ಹಿಗ್ಗುತ್ತೆ ಆಮೇಲೆ ಜೋತುಬೀಳುತ್ತೆ. ಇಸ್ತ್ರಿ ಹಾಕಿದ್ರೆ ಅಂಟೋ ಫ್ಯೂಸಿಂಗ್ ಬರುತ್ತಲ್ಲ, ಅದು ಹೊಸ ಬಟ್ಟೆಗೆ, ದಿನಬಳಕೆ ಬ್ಯಾಗಿಗೆ ಪರ್ವಾಗಿಲ್ಲ. ಅಜ್ಜಿ ಸೀರೆಗೆ ಬೇಡ, ಅದೂ ಅಂಟೇ. ಪ್ಲಾಸ್ಟಿಕ್ ಜರಿ ಬಿಸಿ ಇಸ್ತ್ರಿಗೆ ಮುದುಡಿಹೋಗುತ್ತೆ ಅನ್ನೋದೂ ನೆನಪಿರ್ಲಿ.

ಈಗ ಹೊಲಿಯೋದು. ಕಾಂಪೊಸಿಷನ್ ನೆಲದ ಮೇಲೆ ಮಾಡ್ಬೇಡಿ, ಗೋಡೆ ಮೇಲೆ ಮಾಡಿ. ಒಂದು ಹಳೇ ಕಂಬಳಿ ಗೋಡೆಗೆ ಹೊಡೆದು ಅದಕ್ಕೆ ತುಂಡುಗಳನ್ನ ಪಿನ್ ಮಾಡ್ತಾ ಹೋಗಿ, ದೂರ ನಿಂತು ನೋಡಿ, ಬದಲಾಯಿಸಿ, ಒಂದೆರಡು ದಿನ ಹಾಗೇ ಬಿಡಿ. ಫ್ರಾನ್ಸಿನ ಚಿತ್ರಕಾರ ಮಾತೀಸ್ ವಯಸ್ಸಾಗಿ ಕಾಯಿಲೆ ಬಿದ್ದ ಮೇಲೆ ಬಣ್ಣ ಬಳಿದ ಕಾಗದ ಕತ್ತರಿಸಿ ಮಾಡಿದ ಕೆಲಸಗಳನ್ನೂ ಹೀಗೇ ಮಾಡಿದ್ದು, ಸಹಾಯಕರು ಗೋಡೆಗೆ ಪಿನ್ ಹಾಕ್ತಿದ್ರು, ಅವರು ಹೇಳಿದ ಹಾಗೆ ಸರಿಸ್ತಿದ್ರು, ಅಂಟಿಸೋದು ಎಲ್ಲಾ ಮುಗಿದ ಮೇಲೆ. ಪಿನ್ ಹಂತದಲ್ಲಿ ಧೈರ್ಯ ಜಾಸ್ತಿ ಇರುತ್ತೆ, ಏನೂ ಖಾಯಂ ಅಲ್ಲ ಅಂತ. ಸರಿ ಅನ್ನಿಸಿದ್ಮೇಲೆ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ, ಆಮೇಲೆ ರನ್ನಿಂಗ್ ಸ್ಟಿಚ್. ಗಂಟು ಹಾಕ್ಬೇಡಿ, ಗಂಟು ಹಿಂದೆ ಉಬ್ಬುತ್ತೆ, ಹಳೇ ಬಟ್ಟೇನ ಹರಿಯುತ್ತೆ. ಕಸೂತೀಲಿ ಗವಂತಿ ಅನ್ನೋ ಹೊಲಿಗೆ ಹಾಕೋರು ಎರಡೂ ಕಡೆ ಒಂದೇ ಥರ ಕಾಣೋ ಹಾಗೆ ಗಂಟಿಲ್ಲದೆ ಶುರು ಮಾಡಿ ಗಂಟಿಲ್ಲದೆ ಮುಗಿಸ್ತಾರೆ, ದಾರದ ತುದೀನ ಹೊಲಿಗೆ ಒಳಗೇ ಹಾಯಿಸ್ತಾರೆ. ಧಾರವಾಡದ ಕಡೆ ಗೊತ್ತಿರೋರು ಯಾರಾದ್ರೂ ಇದ್ರೆ ಒಂದು ಮಧ್ಯಾಹ್ನ ಅವರ ಪಕ್ಕ ಕೂತು ಕಲೀರಿ, ವಿಡಿಯೋದಲ್ಲಿ ನೋಡೋದಕ್ಕಿಂತ ಅದು ಎಷ್ಟೋ ಮೇಲು.

ನೀವು ಶಿರಸಿಯವರು ಅಂದಾಗ ನಂಗೆ ತಕ್ಷಣ ನೆನಪಾಗಿದ್ದು ಪಕ್ಕದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರ ಕೌದಿ. ಆಫ್ರಿಕಾದಿಂದ ತಲೆಮಾರುಗಳ ಹಿಂದೆ ಈ ಕಡೆ ಬಂದವರ ವಂಶದವರು ಅವರು. ಅವರ ಕೌದಿ ಹೊಲಿಯೋ ರೀತೀನೇ ಬೇರೆ, ಅಮೆರಿಕದ ಪ್ರೊಫೆಸರ್ ಹೆನ್ರಿ ಡ್ರೂಯಲ್ ಇದರ ಬಗ್ಗೆ ಬರೆದಿದ್ದಾರೆ. ಕೆಳಗೆ ಒಂದು ಹಳೇ ಸೀರೆ, ಮೇಲೆ ತುಂಡುಗಳು, ಮೂಲೆಯಿಂದ ಶುರು ಮಾಡಿ ಅಂಚಿನ ಗುಂಟ ಸುತ್ತು ಹೊಡೀತಾ ಒಳಗೆ ಒಳಗೆ ಬರ್ತಾರೆ, ಕೊನೇಗೆ ನಡುವಿನ ಜಾಗ ತುಂಬುತ್ತೆ. ಮೊದ್ಲೇ ಡ್ರಾಯಿಂಗ್ ಇಲ್ಲ, ಕೈಗೆ ಸಿಕ್ಕ ತುಂಡು ಪಕ್ಕದ ತುಂಡಿಗೆ ಏನು ಹೇಳುತ್ತೋ ಅದರ ಮೇಲೆ ತೀರ್ಮಾನ. ತುಂಡು ಹಿಡಿಸೋ ಹೊಲಿಗೇನೂ ಅಲಂಕಾರದ ಹೊಲಿಗೇನೂ ಒಂದೇ. ನಾಲ್ಕು ಮೂಲೇಲಿ ಬಟ್ಟೆ ಮಡಚಿ ತ್ರಿಕೋನದ ಫುಲಾ ಇಟ್ಟ ಮೇಲೇನೇ ಅದು ಪೂರ್ತಿ ಆಯ್ತು ಅಂತ ಲೆಕ್ಕ. ಎಲ್ಲಿಂದ ಶುರು ಮಾಡೋದು ಅನ್ನೋ ಕಷ್ಟಕ್ಕೆ ಇಷ್ಟು ಒಳ್ಳೇ ಉತ್ತರ ನಾನು ಬೇರೆ ಎಲ್ಲೂ ನೋಡಿಲ್ಲ. ಬಿಳಿ ಹಾಳೆ ಮುಂದೆ ಕೂತು ನಡುವಲ್ಲಿ ಏನಿರ್ಬೇಕು ಅಂತ ಯೋಚಿಸೋ ಬದ್ಲು ಅಂಚಿಂದ ಬನ್ನಿ, ನಡುವಿನದ್ದು ತಾನಾಗಿ ಬರುತ್ತೆ.

ಆದ್ರೆ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ವಿಧಾನ ಕಲಿಯೋದು ಬೇರೆ, ಅವರ ಕೌದಿ ನೋಡ್ಕೊಂಡು ಕಾಪಿ ಮಾಡಿ ನಿಮ್ಮ ಹೆಸರಲ್ಲಿ ಮಾರೋದು ಬೇರೆ. ಕಲಿಸಿದವರಿಗೆ ಅವರ ದಿನದ ಕೂಲಿಗಿಂತ ಜಾಸ್ತಿ ದುಡ್ಡು ಕೊಡಿ, ಲೇಬಲ್ಲಲ್ಲಿ ಎಲ್ಲಿ ಯಾರ ಹತ್ರ ಕಲಿತಿದ್ದು ಅಂತ ಬರೀರಿ, ಅವರು ಒಪ್ಪಿದ್ರೆ ಹೆಸರು ಹಾಕಿ. ಹೋಮ್‌ಸ್ಟೇ ಕೆಲಸ ದೊಡ್ಡದಾಗಿರೋದ್ರಿಂದ ಇಬ್ಬರನ್ನ ಜೊತೆಗೆ ಸೇರಿಸ್ಕೊಂಡು ಮಾಡಿದ್ರೆ ಇನ್ನೂ ಒಳ್ಳೇದು. ಮಲೆನಾಡಲ್ಲಿ ಕೂತು ಆ ಕಡೆ ತಿರುಗಿ ನೋಡದೆ ಪಿಂಟರೆಸ್ಟ್ ನೋಡ್ಕೊಂಡು ಪ್ಯಾಚ್‌ವರ್ಕ್ ಮಾಡೋರನ್ನ ಕಂಡ್ರೆ ನಂಗೆ ನಿಜವಾಗ್ಲೂ ಬೇಜಾರಾಗುತ್ತೆ.

ಇನ್ನು ಪತ್ರಗಳು. ಮೂಲ ಪತ್ರ ಉಪಯೋಗಿಸ್ಲೇಬೇಡಿ. ಅದನ್ನ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡ್ಸಿ, ಪಿಗ್ಮೆಂಟ್ ಇಂಕಲ್ಲಿ ತೊಳೆದ ತೆಳು ಹತ್ತಿ ಮೇಲೋ ಆಮ್ಲ ಇಲ್ಲದ ಹ್ಯಾಂಡ್‌ಮೇಡ್ ಪೇಪರ್ ಮೇಲೋ ಪ್ರಿಂಟ್ ಹಾಕ್ಸಿ. ಮಾಮೂಲಿ ಮನೆ ಇಂಕ್‌ಜೆಟ್ಟಿನ ಬಣ್ಣ ಬಹಳಷ್ಟು ಸಲ ನೀರು ಬಿದ್ದ ತಕ್ಷಣ ಹರಡುತ್ತೆ, ಅಂಗಡೀಲಿ ಕೇಳಿ ಮಾಡ್ಸಿ. ಮೂಲ ಯಾಕೆ ಬೇಡ ಅಂದ್ರೆ ಇಂಕ್ ಪೆನ್ನಿನ ನೀಲಿ ಬೆಳಕಿಗೆ ಮಾಸುತ್ತೆ, ತೇವಕ್ಕೆ ಹರಡುತ್ತೆ, ಕಾಗದಕ್ಕೆ ಸೂಜಿ ಚುಚ್ಚಿದ್ರೆ ಅಂಚೆ ಸ್ಟಾಂಪಿನ ತೂತಿನ ಸಾಲಿನ ಹಾಗೆ ಅದೇ ಗೆರೇಲಿ ಹರಿಯುತ್ತೆ. ಕಾಗದ ಹೊಲೀಲೇಬೇಕು ಅಂದ್ರೆ ಹಿಂದೆ ಮಲ್ ಬಟ್ಟೆ ಇಟ್ಟು ಉದ್ದುದ್ದ ಹೊಲಿಗೆ ಹಾಕಿ. ಹಳೇ ಪೇಪರ್ ಕಟಿಂಗೂ ಹಾಗೇ, ನ್ಯೂಸ್‌ಪ್ರಿಂಟಲ್ಲಿ ಲಿಗ್ನಿನ್ ಅನ್ನೋ ಮರದ ಅಂಶ ಇರುತ್ತೆ, ಹಳದಿ ಆಗಿ ಪುಡಿ ಆಗುತ್ತೆ, ಪಕ್ಕದ ಬಟ್ಟೆಗೂ ಕಂದು ಬಣ್ಣ ಹತ್ತಿಸುತ್ತೆ.

ಕಾಗದಕ್ಕೆ ಕಾಗದ ಅಂಟಿಸೋ ಕಡೆ ಮಾತ್ರ ಅಂಟು ಇಟ್ಕೊಳ್ಳಿ, ಅದೂ ನೀರಲ್ಲಿ ಬಿಟ್ಕೊಳ್ಳೋ ಅಂಟು. ಗೋಧಿ ಪಿಷ್ಟದ ಗಂಜಿ ತುಂಬಾ ಒಳ್ಳೇದು, ಆದ್ರೆ ನಿಮ್ಮ ಮಳೇಗೆ ಅದು ಬೂಸ್ಟಿಗೆ ಆಹ್ವಾನ, ಅದಕ್ಕೇ ಮಿಥೈಲ್ ಸೆಲ್ಯುಲೋಸ್ ಅನ್ನೋ ಅಂಟಿನ ಪುಡಿ ತರಿಸ್ಕೊಂಡು ನೀರಲ್ಲಿ ಕಲಸಿ, ಹುಳ ಬರೋದು ಕಮ್ಮಿ. ಬೈಂಡಿಂಗ್ ಮಾಡೋರು ಮೈದಾ ಅಂಟಿಗೆ ಮೈಲುತುತ್ತ ಹಾಕ್ತಾರೆ, ನೀವೂ ಹಾಕ್ಬೇಕು ಅನ್ನಿಸ್ಬಹುದು. ಬೇಡ. ಅದು ವಿಷ, ತಾಮ್ರದ ಅಂಶ ಕಾಗದಾನೂ ಬೇಗ ಹಾಳು ಮಾಡುತ್ತೆ.

ಪತ್ರದ ಬಗ್ಗೆ ಇನ್ನೊಂದು, ಇದನ್ನ ಯಾರೂ ಹೇಳಲ್ಲ. ಪತ್ರದ ಕಾಗದ ನಿಮ್ಮದು, ಆದ್ರೆ ಅದ್ರಲ್ಲಿರೋ ಬರಹದ ಹಕ್ಕು ಬರೆದವರದ್ದು, ಅವರ ನಂತರ ಅವರ ವಾರಸುದಾರರದ್ದು. ಪ್ರದರ್ಶನಕ್ಕೆ ಇಡೋ ಮುಂಚೆ ಮನೆಯವರ ಹತ್ರ ಕೇಳಿ. ಕಾಯಿಲೆ, ಸಾಲ, ಜಗಳ ಇರೋ ಸಾಲುಗಳಿದ್ರೆ ಅವುಗಳ ಮೇಲೆ ಬಟ್ಟೆ ತುಂಡು ಬರಲಿ. ಹಾಗೆ ಮುಚ್ಚಿದ ಸಾಲು ನೋಡೋರಿಗೆ ಇನ್ನೂ ಹತ್ರ ಆಗುತ್ತೆ ಅಂತ ನನ್ನ ಅಭಿಪ್ರಾಯ.

ಬೂಸ್ಟು. ಗಾಳೀಲಿ ತೇವಾಂಶ 65-70% ದಾಟಿ ಹಾಗೇ ನಿಂತ್ರೆ ಬೂಸ್ಟಿಗೆ ಅಷ್ಟು ಸಾಕು, ಶಿರಸಿ ಮಳೆಗಾಲದಲ್ಲಿ ಅದಕ್ಕಿಂತ ಎಷ್ಟೋ ಮೇಲಿರುತ್ತೆ ಅಂತ ನಿಮಗೇ ಗೊತ್ತು. ತೇವಾಂಶ ಅಳೆಯೋ ಒಂದು ಸಣ್ಣ ಹೈಗ್ರೋಮೀಟರ್ ತಗೊಳ್ಳಿ, ತುಂಬಾ ದುಬಾರಿ ಅಲ್ಲ, ನಿಮ್ಮ ರೂಮಲ್ಲಿ ಯಾವ ಗೋಡೆ ಒಣಗಿರುತ್ತೆ ಅಂತ ಅದು ಹೇಳುತ್ತೆ. ಮಳೆ ಹೊಡೆಯೋ ಹೊರಗೋಡೆಗೆ ಕೆಲಸ ನೇತುಹಾಕ್ಬೇಡಿ, ಒಳಗೋಡೆಗೆ ಹಾಕಿ, ಹಿಂದೆ ನಾಲ್ಕು ಮೂಲೆಗೂ ಕಾರ್ಕಿನ ತುಂಡು ಇಟ್ಟು ಗಾಳಿ ಆಡೋ ಹಾಗೆ ಮಾಡಿ. ಮಳೆಗಾಲದಲ್ಲಿ ಫ್ರೇಮ್ ಹಾಕಿಸ್ಬೇಡಿ, ಆಗ ಮುಚ್ಚಿದ್ರೆ ಆ ತೇವಾನೂ ಒಳಗೇ ಸೀಲ್ ಆಗುತ್ತೆ. ಫೆಬ್ರವರಿ ಮಾರ್ಚಲ್ಲಿ ಹಾಕ್ಸಿ. ಗಾಜು ಬಟ್ಟೆಗೆ ತಾಗಲೇಬಾರದು, ನಡುವೆ ಪಟ್ಟಿ ಕೊಟ್ಟು ಜಾಗ ಬಿಡ್ಸಿ, ನಿಮ್ಮ ಫ್ರೇಮಲ್ಲಿ ಬೂಸ್ಟು ಬಂದಿದ್ದು ಗಾಜು ಅಂಟಿರೋ ಜಾಗದಲ್ಲೇ ಇರ್ಬೇಕು, ನೋಡಿ ಬೇಕಿದ್ರೆ. ಬಂದಿರೋ ಬೂಸ್ಟನ್ನ ಒದ್ದೆ ಬಟ್ಟೇಲಿ ಒರೆಸ್ಬೇಡಿ. ಮಾಸ್ಕ್ ಹಾಕ್ಕೊಂಡು ಹೊರಗೆ ತನ್ನಿ, ಪೂರ್ತಿ ಒಣಗಿಸಿ, ಮೆತ್ತನೆ ಬ್ರಷ್ಷಲ್ಲಿ ಹಗೂರ ಕೊಡವಿ. ಹುಳ ಕಂಡ್ರೆ ಬೇರೆ ಮದ್ದು: ಒಣಗಿರೋ ಬಟ್ಟೇನ ಪ್ಲಾಸ್ಟಿಕ್ ಕವರಲ್ಲಿ ಗಾಳಿ ತೆಗೆದು ಸುತ್ತಿ ಡೀಪ್ ಫ್ರೀಜರಲ್ಲಿ ಎರಡು ವಾರ ಇಡಿ, ತೆಗೆದ್ಮೇಲೆ ಕವರ್ ಬಿಚ್ಚದೆ ಒಂದು ದಿನ ಹೊರಗಿಡಿ, ಇಲ್ಲಾಂದ್ರೆ ಬಟ್ಟೆ ಮೇಲೆ ನೀರು ಕೂರುತ್ತೆ. ಹುಳ ಸಾಯುತ್ತೆ, ಬೂಸ್ಟು ಅದಕ್ಕೆ ಸಾಯಲ್ಲ. ಬೇವಿನ ಎಲೆ, ಲವಂಗ ಇಟ್ರೆ ತೊಂದ್ರೆ ಇಲ್ಲ ಆದ್ರೆ ಅದನ್ನೇ ನೆಚ್ಚಿಕೊಳ್ಳೋದು ಸಾಲದು, ಒಣಗಾಳಿ ಮತ್ತು ಆಗಾಗ ತೆಗೆದು ನೋಡೋದು, ಅದೇ ಕಾಪಾಡೋದು.

ಬೆಳಕು ಕೂಡ ಅಷ್ಟೇ ಕೆಟ್ಟದ್ದು, ಮಾಸಿದ ಬಣ್ಣ ವಾಪಸ್ ಬರಲ್ಲ. ಮ್ಯೂಸಿಯಂಗಳಲ್ಲಿ ಬಟ್ಟೆಗೆ 50 ಲಕ್ಸ್ (ಬೆಳಕಿನ ಅಳತೆ) ಅಂತ ಮಿತಿ ಇಟ್ಕೊಳ್ತಾರೆ, ಅಂದ್ರೆ ಸಾಕಷ್ಟು ಮಬ್ಬು. ಹೋಮ್‌ಸ್ಟೇಯಲ್ಲಿ ಅಷ್ಟು ಮಬ್ಬು ಇಡೋಕಾಗಲ್ಲ, ಆದ್ರೆ ಕಿಟಕಿ ಎದುರು ಗೋಡೆ ಬೇಡ, ತಲೆ ಮೇಲೆ ಸ್ಪಾಟ್‌ಲೈಟ್ ಬೇಡ ಅಂತ ಮೊದ್ಲೇ ಹೇಳಿ.

ಆರಡಿ ನಾಲ್ಕಡಿ ಕೆಲಸಕ್ಕೆ ಫ್ರೇಮೇ ಬೇಡ. ಅಷ್ಟು ದೊಡ್ಡ ಗಾಜು ಘಾಟಿ ರಸ್ತೇಲಿ ಸಾಗಿಸೋದೂ ಕಷ್ಟ. ನ್ಯೂಯಾರ್ಕಿನ ಹಾರ್ಲೆಂನಲ್ಲಿ 1930ರಲ್ಲಿ ಹುಟ್ಟಿದ ಫೇತ್ ರಿಂಗ್‌ಗೋಲ್ಡ್ ಅನ್ನೋ ಕಲಾವಿದೆ ಮೊದ್ಲು ಕ್ಯಾನ್ವಾಸಲ್ಲಿ ಪೇಂಟ್ ಮಾಡ್ತಿದ್ರು, ಚೌಕಟ್ಟಿನ ದೊಡ್ಡ ಕ್ಯಾನ್ವಾಸ್ ಎತ್ತಾಡೋದೇ ಒಂದು ಹೋರಾಟ. 1972ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಮ್ಯೂಸಿಯಂನಲ್ಲಿ ಟಿಬೆಟಿನ ಥಂಕಾ, ಅಂದ್ರೆ ಬಟ್ಟೆ ಮೇಲೆ ಬರೆದ ಬೌದ್ಧ ಚಿತ್ರಗಳನ್ನ ನೋಡಿದ್ರು, ಸುತ್ತ ಬಟ್ಟೆ ಅಂಚು, ಸುತ್ತಿ ಎತ್ಕೊಂಡು ಹೋಗ್ಬಹುದು. ಅಲ್ಲಿಂದ ಅವರ ದಾರೀನೇ ಬದಲಾಯ್ತು. ಬಟ್ಟೆ ಹೊಲಿಯೋದನ್ನೇ ಕಸುಬು ಮಾಡ್ಕೊಂಡಿದ್ದ ಅವರ ತಾಯಿ ವಿಲ್ಲಿ ಪೋಸಿ ಜೊತೆ ಸೇರಿ 1980ರಲ್ಲಿ ಮೊದಲ ಕ್ವಿಲ್ಟ್ (ನಮ್ಮ ಕೌದಿ ಥರದ್ದೇ) ಮಾಡಿದ್ರು, ತನ್ನ ಆತ್ಮಕಥೆಗೆ ಪ್ರಕಾಶಕರು ಸಿಗದಿದ್ದಾಗ ಕಥೇನ ಕ್ವಿಲ್ಟ್ ಮೇಲೇ ಬರೆದ್ರು. ಮುಂಡಗೋಡದ ಟಿಬೆಟನ್ ಕ್ಯಾಂಪಿನ ಮಠಗಳಲ್ಲಿ ಥಂಕಾ ನಿಮ್ಗೂ ನೋಡೋಕೆ ಸಿಗುತ್ತೆ, ಒಂದ್ಸಲ ಹೋಗಿ ಮೇಲೆ ಕೆಳಗೆ ಕೋಲು ಹೇಗೆ ಕೂರಿಸಿದಾರೆ ಅಂತ ಗಮನಿಸಿ.

ನಿಮ್ಮ ಕೆಲಸಕ್ಕೆ ಹೀಗೆ ಮಾಡಿ. ಹಿಂದೆ ಒಂದೇ ತುಂಡಿನ ಗಟ್ಟಿ ಕಾಟನ್, ತೊಳೆದು ಕುಗ್ಗಿಸಿದ್ದು. ಅದರ ಮೇಲೆ ಎಲ್ಲಾ ತುಂಡು. ಮೇಲಂಚಿಗೆ ಪೂರ್ತಿ ಅಗಲಕ್ಕೂ ಅಗಲವಾದ ಕಾಟನ್ ಟೇಪು, ಟೇಪಿಗೆ ಮೆಷಿನ್ನಲ್ಲಿ ವೆಲ್ಕ್ರೋದ ಮೆತ್ತನೆ ಭಾಗ ಹೊಲಿದು, ಆ ಟೇಪನ್ನ ಕೈಯಲ್ಲಿ ಎಲ್ಲಾ ಪದರಕ್ಕೂ ಸೇರಿಸಿ ಹೊಲೀರಿ. ಮುಳ್ಳಿನ ಭಾಗ ಗೋಡೆಗೆ ಹೊಡೆದ ಪಟ್ಟಿ ಮೇಲೆ. ಇದರಿಂದ ಭಾರ ಎರಡು ಮೊಳೆ ಮೇಲೆ ಬೀಳದೆ ಆರಡಿಗೂ ಹಂಚಿಹೋಗುತ್ತೆ, ಬೇಕೆಂದಾಗ ಬಿಚ್ಚಿ ಧೂಳು ತೆಗೀಬಹುದು. ವೆಲ್ಕ್ರೋ ಇಷ್ಟ ಇಲ್ಲಾಂದ್ರೆ ಕೋಲು ತೂರಿಸೋ ನಾಳ ಹೊಲೀರಿ, ಅಲ್ಯೂಮಿನಿಯಂ ಚಪ್ಪಟೆ ಪಟ್ಟಿ ಹಾಕಿ. ಭಾರದ ತುಂಡು, ಕನ್ನಡಿ, ಕವಡೆ ಇದ್ರೆ ಕೆಳಗಡೆ ಬರಲಿ. ಕೊನೇ ಲೈನಿಂಗ್ ಕೆಳಗಂಚಲ್ಲಿ ಹೊಲೀದೆ ಸಡಿಲ ಬಿಡಿ, ಹೊಲಿದ್ರೆ ಆರು ತಿಂಗಳಲ್ಲಿ ಹೊಟ್ಟೆ ಬಿಡುತ್ತೆ. ಸಾಗಿಸೋವಾಗ ಮಡಚ್ಬೇಡಿ, ದಪ್ಪ ಪೈಪಿಗೆ ಹಳೇ ಬೆಡ್‌ಶೀಟ್ ಸುತ್ತಿ ಅದರ ಮೇಲೆ ಮುಖ ಹೊರಗೆ ಇಟ್ಟು ಸುತ್ತಿ, ಒಳಗೆ ಮುಖ ಇಟ್ರೆ ಮುಂದಿನ ಬಟ್ಟೇಲಿ ನೆರಿಗೆ ಬೀಳುತ್ತೆ.

ಅಜ್ಜಿ ಸೀರೆ ಕತ್ತರಿಸೋದಾ ಬೇಡ್ವಾ. ಇದಕ್ಕೆ ನಾನು ಎಲ್ಲರಿಗೂ ಒಂದೇ ಉತ್ತರ ಕೊಡಲ್ಲ. ಗಟ್ಟಿ ಇರೋ, ಉಡೋಕಾಗೋ ಸೀರೆ ಕತ್ತರಿಸ್ಬೇಡಿ, ಉಡಿ. ಉಟ್ಟು ಉಟ್ಟು ಹರಿದಿರೋದು, ಮಡಿಕೇಲಿ ಸೀಳಿರೋದು, ಅದಕ್ಕೆ ಕತ್ತರಿ ಹಾಕಿದ್ರೆ ಅನ್ಯಾಯ ಏನೂ ಇಲ್ಲ, ನಿಮ್ಮಜ್ಜಿ ಇದ್ದಿದ್ರೆ ಅವರೇ ಕೌದಿಗೆ ಹಾಕಿರೋರು. ಕತ್ತರಿಸೋ ಮುಂಚೆ ಪೂರ್ತಿ ಬಿಚ್ಚಿ ಫೋಟೋ ತೆಗೀರಿ, ಅಂಚಿನ ವಿನ್ಯಾಸ ಗೋಮಿನಾ, ಪರಾಸಪೇಟಾ, ಗಾಡಿನಾ ಅಂತ ಬರೆದಿಡಿ, ಯಾವ ಮದುವೇಲಿ ಯಾವಾಗ ಉಟ್ಟಿದ್ರು ಅಂತ ಚಿಕ್ಕಮ್ಮನೋ ಅತ್ತೆಯೋ ಇದ್ರೆ ಕೇಳಿ ಬರ್ಕೊಳ್ಳಿ. ಪ್ರತಿ ಸೀರೆಯಿಂದ ಅಂಚು ಸೇರಿ ಒಂದು ಗೇಣು ತುಂಡು ಹಾಗೇ ಎತ್ತಿಡಿ. ಮತ್ತೆ ಒಂದು ಸೀರೇನ ಪೂರ್ತಿ ಕತ್ತರಿಸದೆ ಕೆಲಸದ ಹಿನ್ನೆಲೆ ಮಾಡಿ, ಮಡಚಿ, ನೆರಿಗೆ ಹಿಡಿದು, ಬೇಕಾದಾಗ ಹೊಲಿಗೆ ಬಿಚ್ಚಿದ್ರೆ ಮತ್ತೆ ಸೀರೆ ಆಗೋ ಹಾಗೆ. ಸೀರೀಸಲ್ಲಿ ಒಂದಾದ್ರೂ ಹಾಗಿರ್ಲಿ ಅಂತ ನನ್ನ ಆಸೆ.

"ಇದು ಆರ್ಟ್ ಅಲ್ಲ" ಅಂದವರಿಗೆ ಉತ್ತರ ಕೊಡೋಕೆ ಇತಿಹಾಸ ಗೊತ್ತಿದ್ರೆ ಒಳ್ಳೇದು. ಕೊಲಾಜ್ ಅನ್ನೋದು ಗ್ಯಾಲರಿ ಒಳಗೆ ಬಂದಿದ್ದೇ ಬಟ್ಟೆ ಜೊತೆ: 1912ರಲ್ಲಿ ಪಿಕಾಸೊ ಬೆತ್ತದ ಕುರ್ಚಿ ನೇಯ್ಗೆ ಪ್ರಿಂಟ್ ಆಗಿದ್ದ ಆಯಿಲ್‌ಕ್ಲಾತ್ ತುಂಡನ್ನ ಕ್ಯಾನ್ವಾಸಿಗೆ ಅಂಟಿಸಿ ಸುತ್ತ ಹಗ್ಗ ಕಟ್ಟಿದ್ರು. ಬರ್ಲಿನ್ನಿನ ಹನ್ನಾ ಹೋಕ್, ಫೋಟೋ ಕತ್ತರಿಸಿ ಕೊಲಾಜ್ ಮಾಡಿದವರಲ್ಲಿ ದೊಡ್ಡ ಹೆಸರು, 1916ರಿಂದ ಹತ್ತು ವರ್ಷ ಒಂದು ಪ್ರಕಾಶನ ಸಂಸ್ಥೇಲಿ ಕಸೂತಿ, ಲೇಸ್ ಡಿಸೈನ್ ಮಾಡೋ ಕೆಲಸದಲ್ಲಿದ್ರು, ಆ ಪ್ಯಾಟರ್ನ್ ಕಾಗದಗಳೇ ಅವರ ಕೊಲಾಜಲ್ಲಿ ಕಾಣ್ತವೆ. ಶಾಂತಿನಿಕೇತನದ ಕಲಾವಿದ ಬಿನೋದ್ ಬಿಹಾರಿ ಮುಖರ್ಜಿ ಕಣ್ಣು ಪೂರ್ತಿ ಹೋದ ಮೇಲೆ ಕಾಗದ ಕತ್ತರಿಸಿ ಮಾಡಿದ ಕೊಲಾಜ್‌ಗಳನ್ನ ನೋಡಿದ್ರೆ ಕೈಬೆರಳಿಗೆ ಎಷ್ಟು ಬುದ್ಧಿ ಇದೆ ಅಂತ ಗೊತ್ತಾಗುತ್ತೆ. ಅಮೆರಿಕದ ಅಲಬಾಮಾದಲ್ಲಿ ಗೀಸ್ ಬೆಂಡ್ ಅಂತ ಒಂದು ಹಳ್ಳಿ, ಗುಲಾಮರಾಗಿದ್ದವರ ವಂಶದ ಹೆಂಗಸರು ಹೊಲದಲ್ಲಿ ಹಾಕ್ಕೊಂಡು ಸವೆದ ಪ್ಯಾಂಟು ಶರ್ಟು ಸೇರಿಸಿ ಚಳಿಗೆ ಹೊಲಿದ ಕ್ವಿಲ್ಟುಗಳು 2002ರಲ್ಲಿ ಹ್ಯೂಸ್ಟನ್ನಲ್ಲೂ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲೂ ಗೋಡೆ ಮೇಲೆ ಬಂದ್ವು, 2006ರಲ್ಲಿ ಅಲ್ಲಿನ ಅಂಚೆ ಚೀಟಿ ಮೇಲೂ ಬಂದ್ವು. ನಮ್ಮಲ್ಲೇ 2023ರ ಜುಲೈಯಲ್ಲಿ ಹಂಪೀಲಿ ಜಿ20 ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಹೊಲಿದ 1755 ಕಸೂತಿ ಪ್ಯಾಚುಗಳನ್ನ ಒಟ್ಟಿಗೆ ಪ್ರದರ್ಶನಕ್ಕಿಟ್ಟು ಗಿನ್ನೆಸ್ ದಾಖಲೆ ಆಯ್ತು. ದಾಖಲೆ ನಂಗೆ ಅಷ್ಟು ಮುಖ್ಯ ಅಲ್ಲ. ಆ ಹೆಂಗಸರ ಬಣ್ಣದ ಜೋಡಣೆ ಹತ್ರದಿಂದ ನೋಡಿ, ಕಲಾಶಾಲೇಲಿ ಕಲಿಸೋಕೆ ಒದ್ದಾಡೋದು ಅಲ್ಲಿ ಇರುತ್ತೆ.

ಆದ್ರೆ ಕಟುವಾಗಿ ಒಂದು ಮಾತು ನಿಮಗೂ ಹೇಳ್ತೀನಿ. ಹಳೇ ಸೀರೆ, ಹಳೇ ಪತ್ರ ಅಂದ ತಕ್ಷಣ ನೋಡೋರ ಮನಸ್ಸು ಕರಗುತ್ತೆ, ಆ ಕರಗೋದು ನಿಮ್ಮ ಕೆಲಸದಿಂದ ಆಗಿದ್ದಾ ಅಜ್ಜಿ ನೆನಪಿಂದ ಆಗಿದ್ದಾ ಅಂತ ಕೇಳ್ಕೋಬೇಕು. ಕಥೆ ಹೇಳದೆ ಬರೀ ಗೋಡೆಗೆ ಹಾಕಿದ್ರೂ ಕಣ್ಣು ನಿಲ್ಲುತ್ತಾ? ಪರೀಕ್ಷೆಗೆ ಕೆಲಸದ ಫೋಟೋನ ಕಪ್ಪುಬಿಳುಪು ಮಾಡಿ ನೋಡಿ. ಇಳಕಲ್ ಕೆಂಪು ಹೋದ್ಮೇಲೂ ಗಾಢ-ತೆಳು, ದೊಡ್ಡದು-ಸಣ್ಣದು ನಿಂತಿದ್ರೆ ಕಾಂಪೊಸಿಷನ್ ಇದೆ ಅಂತ. ಎಲ್ಲಾ ಒಂದೇ ಬೂದಿ ಬಣ್ಣ ಆಗಿ ಹೋದ್ರೆ ಇನ್ನೂ ಕೆಲಸ ಬಾಕಿ ಇದೆ. ಸೀರೀಸಿಗೆ ಒಂದು ಕಟ್ಟುಪಾಡು ಹಾಕ್ಕೊಳ್ಳಿ, ಉದಾಹರಣೆಗೆ ಪ್ರತಿ ಕೆಲಸಕ್ಕೂ ಒಂದೇ ಸೀರೆ, ಒಂದೇ ಪತ್ರ, ಒಂದೇ ದಾರದ ಬಣ್ಣ. ಟ್ರಂಕಿನಲ್ಲಿರೋದೆಲ್ಲ ಒಂದೇ ಫ್ರೇಮಿಗೆ ತುಂಬೋ ಆಸೆ ಬರುತ್ತೆ, ಬಿಡಿ.

ಹೋಮ್‌ಸ್ಟೇ ಆರ್ಡರ್ ಬಗ್ಗೆ. ಬಾಯಿಮಾತಲ್ಲಿ ಒಪ್ಕೋಬೇಡಿ, ಒಂದು ಪುಟದ ಕಾಗದ ಮಾಡಿ: ಅಳತೆ, ಎಷ್ಟು ತಿಂಗಳು, ಅರ್ಧ ದುಡ್ಡು ಮುಂಗಡ, ಎಲ್ಲಿ ನೇತುಹಾಕ್ತಾರೆ, ಸಾಗಾಟದ ಖರ್ಚು ಯಾರದ್ದು. ಕಾಪಿರೈಟ್ ಕೂಡ ಬರೀರಿ. 1957ರ ಕಾಯ್ದೆ ಪ್ರಕಾರ ದುಡ್ಡು ಕೊಟ್ಟು ಮಾಡಿಸಿದ ಪೇಂಟಿಂಗಿಗೆ, ಬೇರೆ ಒಪ್ಪಂದ ಇಲ್ಲಾಂದ್ರೆ, ಮಾಡಿಸಿದವರೇ ಮೊದಲ ಹಕ್ಕುದಾರರು ಆಗ್ತಾರೆ, ನಿಮ್ಮ ಕೊಲಾಜಿಗೂ ಹಾಗೇ ಅಂತ ನಾಳೆ ಯಾರೂ ವಾದ ಮಾಡದ ಹಾಗೆ "ಕಾಪಿರೈಟ್ ಕಲಾವಿದೆಯದ್ದು" ಅಂತ ಒಂದು ಸಾಲು ಇರ್ಲಿ. ಬೆಲೆ ಲೆಕ್ಕಕ್ಕೆ ಹೊಲಿಗೆ ಗಂಟೆಗಳನ್ನ ಪ್ರಾಮಾಣಿಕವಾಗಿ ಬರ್ಕೊಳ್ಳಿ, ಒಂದಡಿ ಅಗಲ ಒಂದಡಿ ಎತ್ತರದ ಸ್ಯಾಂಪಲ್ ಹೊಲಿದು ಎಷ್ಟು ಹೊತ್ತು ಹಿಡೀತು ನೋಡಿ ಇಪ್ಪತ್ತನಾಲ್ಕರಿಂದ ಗುಣಿಸಿ, ಜೊತೆಗೆ ಹೊಲಿಯೋ ಹೆಂಗಸರ ಕೂಲಿ ಮೊದ್ಲು ಸೇರಿಸಿ ಆಮೇಲೆ ನಿಮ್ಮದು. ಮಳೆ ಶುರುವಾಗೋ ಮುಂಚೆ ತುಂಡು ತೊಳೆಯೋದು ಒಣಗಿಸೋದು ಮುಗಿಸ್ಕೊಳ್ಳಿ, ಮಳೆಗಾಲ ಪೂರ್ತಿ ಒಣಗಿದ ರೂಮಲ್ಲಿ ಕೂತು ಹೊಲೀರಿ, ಡೆಲಿವರಿ ದೀಪಾವಳಿ ಕಳೆದ ಮೇಲೆ ಅಂತ ಹೇಳಿ. ಸ್ಯಾಂಪಲ್ ಆದ್ಮೇಲೆ ಅದರ ಫೋಟೋ ಕಳ್ಸಿ, ಮುಂದಿನದ್ದಷ್ಟೇ ಅಲ್ಲ, ಹಿಂಬದಿದೂ ಕಳ್ಸಿ, ಹೊಲಿಗೆ ಎಲ್ಲಿ ಬಿಗಿ ಆಗಿದೆ ಎಲ್ಲಿ ಸಡಿಲ ಆಗಿದೆ ಅನ್ನೋದು ಅಲ್ಲೇ ಗೊತ್ತಾಗೋದು.